ಆ ದಡ ಮುಟ್ಟದ ಸೇತುವೆ

ಸೇತುವೆ ನದಿಯ ನಡುವೆಯೇ ಮುಗಿದುಹೋಗಿತ್ತು ಎಂದು ಕ್ಯಾಪ್ಟನ್ ಎಮಿಲ್ ಫ್ರೆಂಚಿನಲ್ಲಿ ಹೇಳಿದಾಗ, ತನಗೇ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡು ಹಂಸಾ ಇನ್ನೊಮ್ಮೆ ಕೇಳಿದಳು. ಆತ ಮೇಜಿನ ಮೇಲೆ ಎರಡು ಟೀ ಕಪ್ಪುಗಳನ್ನು ದೂರ ದೂರ ಇಟ್ಟು, ಇದು ಈ ದಡ, ಅದು ಆ ದಡ ಎಂದು ತೋರಿಸಿದ. ಆಮೇಲೆ ನಡುವೆ ಚಮಚ ಇಟ್ಟ. ಚಮಚ ಎರಡನೆಯ ಕಪ್ಪನ್ನು ಮುಟ್ಟಲಿಲ್ಲ.

"ಅವರು ಎಂತ ಹೇಳ್ತಾರೆ ಮೇಡಂ?" ಎಂದು ವಕೀಲ ಡೆಂಜಿಲ್ ಕೇಳಿದ.

"ಸೈನ್ಯ ದಾಟ್ಬೇಕಿದ್ದ ತೇಲೋ ಸೇತುವೆ ಉದ್ದ ಸಾಲ್ಲಿಲ್ವಂತೆ ಸರ್. ಯುದ್ಧ ಅಲ್ಲೇ ನಿಂತೋಯ್ತಂತೆ."

ಡೆಂಜಿಲ್ ಮಂಗಳೂರು ಕಡೆಯವನು. ನೈರೋಬಿಯಲ್ಲೇ ನೆಲೆಸಿ, ಸೌತ್ ಬಿ ಬಡಾವಣೆಯ ಸಣ್ಣ ಕಚೇರಿಯಲ್ಲಿ ಆಶ್ರಯ ಕೇಳಿ ಬಂದವರ ಅರ್ಜಿಗಳನ್ನು ಬರೆದುಕೊಡುತ್ತಿದ್ದ. ಲ್ಯಾವಿಂಗ್ಟನ್ನಿನ ಶಾಲೆಯಲ್ಲಿ ಫ್ರೆಂಚ್ ಕಲಿಸುವ ಮೈಸೂರಿನ ಹಂಸಾ ಶನಿವಾರ ಬಂದು ಅವನಿಗೆ ಭಾಷಾಂತರ ಮಾಡಿಕೊಡುತ್ತಿದ್ದಳು. ಬರೆಯುವುದು ಇಂಗ್ಲಿಷಿನಲ್ಲಿ, ಇಬ್ಬರ ಮಾತು ಕನ್ನಡದಲ್ಲಿ. ಎಮಿಲನ ದೇಶ ಪಕ್ಕದ ಪುಟ್ಟ ದೇಶದ ಮೇಲೆ ನುಗ್ಗಿದ್ದನ್ನು ಇಬ್ಬರೂ ಟಿವಿಯಲ್ಲಿ ನೋಡಿದ್ದರು. ವಾರದಲ್ಲಿ ಮುಗಿಯುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದ ಯುದ್ಧ ಗಡಿಯ ನದಿಯ ಬಳಿ ಏಕೆ ನಿಂತಿತು ಎಂಬುದು ಮಾತ್ರ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಡೆಂಜಿಲ್ ಅರ್ಜಿಯನ್ನು ಮರೆತು ಮುಂದಕ್ಕೆ ಬಾಗಿದ.

"ಅಷ್ಟು ದೊಡ್ಡ ಸೈನ್ಯಕ್ಕೆ ನದಿ ಎಷ್ಟು ಅಗಲ ಉಂಟು ಅಂತ ಗೊತ್ತಿರ್ಲಿಲ್ವಾ? ಕೇಳಿ ನೋಡುವ."

ಎಲ್ಲರಿಗೂ ಗೊತ್ತಿತ್ತು ಎಂದ ಎಮಿಲ್. ಆದರೆ ಅಧ್ಯಕ್ಷರು ಒಂದು ಸಂಜೆ ಟಿವಿಯಲ್ಲಿ, ನಮಗೂ ಅವರಿಗೂ ನಡುವೆ ಇರುವುದು ಒಂದು ಮೋರಿ ಎಂದುಬಿಟ್ಟರು. ಅಂದಿನಿಂದ ಸೈನ್ಯದಲ್ಲಿ ಯಾರ ಬಾಯಲ್ಲೂ ಅದು ನದಿಯಾಗಲಿಲ್ಲ. ಮೋರಿ ದಾಟಲು ಅಷ್ಟುದ್ದದ ಸೇತುವೆ ಬೇಕು ಎಂದು ಕೇಳುವ ಧೈರ್ಯ ಯಾರಿಗಿದೆ?

"ಸೇತುವೆ ಮುಟ್ಟಲಿಲ್ಲ ಅಂತ ಗೊತ್ತಾದ ಮೇಲಾದ್ರೂ ಮೇಲಿನವರಿಗೆ ತಿಳಿಸ್ಬಹುದಿತ್ತಲ್ಲ?" ಎಂದ ಡೆಂಜಿಲ್.

ಎಮಿಲ್ ರೇಡಿಯೋದಲ್ಲಿ ತಿಳಿಸಿದ್ದ. ಸೇತುವೆ ಪೂರ್ತಿಯಾಗಿದೆ, ಟಿವಿಯಲ್ಲೂ ಬಂತು, ದಾಟಿ ಎಂದು ಉತ್ತರ ಬಂತು. ಇಲ್ಲ, ಇಲ್ಲಿಗೆ ಬಂದು ನೋಡಿ ಎಂದ. ಆ ಕಡೆ ಮಾತಾಡುತ್ತಿದ್ದವನು ಅವನ ಜೊತೆಯಲ್ಲೇ ಓದಿದವನು. ದನಿ ತಗ್ಗಿಸಿ, "ನನಗೆ ಹೇಳಬೇಡ ಎಮಿಲ್. ನನಗೆ ಹೇಳಿದರೆ ನಾನು ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ" ಎಂದ. ಅಷ್ಟರಲ್ಲಿ ಹಿಂದೆ ಕಣ್ಣು ಹಾಯುವಷ್ಟು ದೂರ ಟ್ಯಾಂಕುಗಳು ಸಾಲುಗಟ್ಟಿದ್ದವು. ಮುಂದೆ ಏನಾಗಿದೆ ಎಂದು ತಿಳಿಯದ ಹಿಂದಿನವರು ಹಾರ್ನ್ ಮಾಡುತ್ತಿದ್ದರು.

ಆಮೇಲೆ ಎಮಿಲ್ ಹೇಳಿದ ಒಂದು ವಾಕ್ಯವನ್ನು ಹಂಸಾ ತಕ್ಷಣ ಕನ್ನಡಕ್ಕೆ ತರಲಿಲ್ಲ. ಕೆಳಗೆ ರಸ್ತೆಯಲ್ಲಿ ಮಟಾಟು ವ್ಯಾನಿನವನು ಜನರನ್ನು ಕೂಗಿ ಕರೆಯುತ್ತಿದ್ದ.

"ಇವ್ರ ಮುಂದೆ ಇದ್ದ ಎರಡು ಟ್ಯಾಂಕು ಆರ್ಡರ್ ಪಾಲಿಸಿ ಮುಂದೆ ಹೋಗಿ ಮುಳುಗಿದ್ವಂತೆ ಸರ್," ಎಂದಳು ಕೊನೆಗೆ. "ಇವ್ರು ತಮ್ಮ ಹುಡುಗ್ರನ್ನೆಲ್ಲ ಕೆಳಗಿಳಿಸ್ಕೊಂಡು ವಾಪಸ್ ನಡೆದ್ರಂತೆ. ಅದನ್ನ ನೋಡಿ ಹಿಂದಿನವರೂ ಇಳಿದ್ರಂತೆ."

ಡೆಂಜಿಲ್ ಮತ್ತೆ ಪೆನ್ನು ಎತ್ತಿಕೊಂಡ. "ಯುದ್ಧವೇ ತಪ್ಪು ಅನ್ನಿಸ್ತು, ಅದಕ್ಕೇ ತಿರುಗಿ ಬಂದೆ ಅಂತ ಹೇಳ್ತಾರಾ ಕೇಳಿ. ಹಾಗೆ ಹೇಳಿದ್ರೆ ಅರ್ಜಿ ಗಟ್ಟಿಯಾಗ್ತದೆ."

ಹಂಸಾ ಕೇಳಿದಳು. ಎಮಿಲ್ ಒಪ್ಪಲಿಲ್ಲ. ತಾನು ಹಾಗೆ ಹೇಳಲಾರೆ. ಸೇತುವೆ ಮುಟ್ಟಿದ್ದರೆ ತಾನೂ ದಾಟುತ್ತಿದ್ದೆ, ಆ ದಡದ ಜನ ನಮ್ಮನ್ನು ಕಾಯುತ್ತಿದ್ದಾರೆಂದು ತಾನೂ ನಂಬಿದ್ದೆ ಎಂದ.

"ಎಂತ? ಹೌದು ಅಂದ್ರಾ?"

ಅವಳು ಹೌದು ಎಂದುಬಿಟ್ಟಿದ್ದರೆ ಕೋಣೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಎಮಿಲನ ಕೆಲಸವೂ ಆಗುತ್ತಿತ್ತು. ಹಂಸಾ ಒಮ್ಮೆ ಅವನ ಮುಖ ನೋಡಿದಳು. "ಇಲ್ಲ ಸರ್. ಸೇತುವೆ ಸರಿ ಇದ್ದಿದ್ರೆ ದಾಟ್ತಿದ್ದೆ ಅಂತಿದಾರೆ."

"ಹಾಗಾದ್ರೆ ಕಷ್ಟ ಮಾರಾಯ್ರೆ. ಸೋತ ಸೈನ್ಯ ಬಿಟ್ಟು ಓಡಿ ಬಂದವರು ಎಷ್ಟೋ ಜನ ಇದ್ದಾರೆ. ವಾಪಸ್ ಹೋದ್ರೆ ಇವರಿಗೆ ಅಂಥ ಭಯ ಎಂತ ಉಂಟು ಅಂತ ಗಿಗಿರಿಯ ನಿರಾಶ್ರಿತರ ಕಚೇರಿಯಲ್ಲಿ ಕೇಳ್ತಾರೆ. ನಾನು ಎಂತ ಬರೀಲಿ?"

ಹಂಸಾ ಅದನ್ನು ಫ್ರೆಂಚಿನಲ್ಲಿ ಹೇಳಿದಾಗ ಎಮಿಲನಿಗೆ ಆಶ್ಚರ್ಯವಾಯಿತು. "ಸೋತದ್ದು ಯಾರು?" ಎಂದು ಕೇಳಿದ. "ನಮ್ಮ ದೇಶದಲ್ಲಿ ನಾವು ಗೆದ್ದಿದ್ದೇವೆ. ನದಿ ದಾಟಿ, ಅವರಿಗೆ ಬುದ್ಧಿ ಕಲಿಸಿ, ವಾಪಸ್ ಬಂದಿದ್ದೇವೆ. ವಿಜಯದ ದಿನ ಅಂತ ರಜೆಯೂ ಇದೆ."

ಜೇಬಿನಿಂದ ಫೋನ್ ತೆಗೆದು ಒಂದು ಚಿತ್ರ ತೋರಿಸಿದ. ಅವನ ಮಗಳು ಶಾಲೆಯಲ್ಲಿ ಬಿಡಿಸಿದ್ದು. ವಿಜಯದ ದಿನದ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಿತ್ತಂತೆ. ನೀಲಿ ನದಿ, ಅದರ ಮೇಲೆ ಕಪ್ಪು ಸೇತುವೆ, ಆಚೆ ದಡದಲ್ಲಿ ಬಾವುಟ ಹಿಡಿದು ನಿಂತ ಮೀಸೆಯ ಮನುಷ್ಯ.

"ಅದು ನಾನು," ಎಂದ ಎಮಿಲ್. "ಆ ದಡದಲ್ಲಿ ಹೋರಾಡಿ ಸತ್ತೆನಂತೆ. ಮನೆಗೆ ಪದಕ ಕಳಿಸಿದ್ದಾರೆ. ನಾನು ಬದುಕಿರುವುದು ಹೆಂಡತಿಗೆ ಮಾತ್ರ ಗೊತ್ತು. ನಾನು ಊರಿಗೆ ಹೋಗಿ ನಿಂತರೆ ಅವರು ಏನು ಮಾಡುತ್ತಾರೆ, ನೀವೇ ಹೇಳಿ."

ಹಂಸಾ ಒಂದು ಮಾತೂ ಬಿಡದೆ ಹೇಳಿದಳು. ಡೆಂಜಿಲ್ ಬರೆಯಲು ಶುರು ಮಾಡಿದವನು ಮಧ್ಯೆ ನಿಲ್ಲಿಸಿ, ಫೋನನ್ನು ಹತ್ತಿರಕ್ಕೆ ಎಳೆದುಕೊಂಡು ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಸೇತುವೆಯನ್ನು ಆ ಹುಡುಗಿ ಬಹಳ ಎಚ್ಚರಿಕೆಯಿಂದ ಬರೆದಿದ್ದಳು. ಅದು ಆಚೆ ದಡವನ್ನು ಮುಟ್ಟಿದ್ದಷ್ಟೇ ಅಲ್ಲ, ಹಸಿರು ಹುಲ್ಲಿನ ಮೇಲೂ ಒಂದಿಷ್ಟು ದೂರ ಹೋಗಿತ್ತು.