ಪಿನ್ನಿನ ಎರಡು ತುಂಡು

ಪೊಲೀಸರು ಹಿಡಿದೊಯ್ದ ಮೂರು ದಿನದ ಮೇಲೆ ಕುಂಞಿರಾಮನ್ ವರ್ಕ್‌ಶಾಪಿಗೆ ಬಂದಾಗ ಅವನ ಹಿಂದೆ ಒಬ್ಬ ಪೊಲೀಸಿನವನಿದ್ದ. ಜಿನಮತಿಯ ಕಣ್ಣು ಮೊದಲು ಹೋದದ್ದು ಕುಂಞಿರಾಮನ ಕೈಗಳ ಮೇಲೆ. ಹದಿನೆಂಟು ವರ್ಷ ಕಬ್ಬಿಣ ಕಡೆಯುವ ಆ ಲೇತನ್ನು ಆಡಿಸಿದ ಕೈಗಳು, ಅವಳ ಗಂಡ ತೀರಿಕೊಂಡ ಮೇಲೆ ವರ್ಕ್‌ಶಾಪಿನ ಬಾಗಿಲು ಮುಚ್ಚದಂತೆ ನೋಡಿಕೊಂಡ ಕೈಗಳು. ಈಗ ಬೆರಳುಗಳು ಮಡಚಲಾಗದಷ್ಟು ಊದಿಕೊಂಡಿದ್ದವು. ಅಂಗಿಯ ಗುಂಡಿ ಒಂದೂ ಹಾಕಿರಲಿಲ್ಲ.

ನಕ್ಸಲರನ್ನು ಹುಡುಕುತ್ತಿದ್ದ ಪೊಲೀಸರಿಗೆ ಹತ್ತಿರದ ಬೇಗೂರು ಕಾಡಿನಲ್ಲಿ ಒಂದು ನಾಡಬಂದೂಕು ಸಿಕ್ಕಿತ್ತು. ನಳಿಗೆಯ ತುದಿಗೆ ಬೋಲ್ಟಿಗಿರುವಂಥ ಸುರುಳಿ ಗೆರೆ, ಥ್ರೆಡ್, ಹೊಸದಾಗಿ ಕೊರೆದಿದ್ದರು. ಸುತ್ತಮುತ್ತ ಅಂಥ ಕೆಲಸ ಮಾಡುವ ಲೇತ್ ತೃಶ್ಶಿಲೇರಿಯ ಇದೊಂದೇ. ತಿಂಗಳಿಂದ ಗೇರಿನ ಲಿವರ್ ಹಿಡಿಯುತ್ತಿಲ್ಲ, ಗೇರ್ ಬೀಳದೆ ಥ್ರೆಡ್ ಬರುವುದಿಲ್ಲ ಎಂದು ಕುಂಞಿರಾಮನ್ ಹೇಳಿದ್ದನ್ನು ಇನ್‌ಸ್ಪೆಕ್ಟರ್ ನಂಬಿರಲಿಲ್ಲ. ಕಾನ್‌ಸ್ಟೇಬಲ್ ಎದುರಿಗೇ ಗೇರ್ ಪೆಟ್ಟಿಗೆ ಬಿಚ್ಚಿ, ದೋಷ ಹಳೆಯದೆಂದು ತೋರಿಸಿ, ಸರಿಪಡಿಸಿ ನಾಲ್ಕು ಗಂಟೆಗೆ ಸ್ಟೇಷನ್ನಿಗೆ ಹಿಂದಿರುಗಬೇಕೆಂದು ಅವನ ಅಪ್ಪಣೆ. ಇಲ್ಲದಿದ್ದರೆ ಸಂಜೆ ಕೇಸು, ಆಮೇಲೆ ಕಣ್ಣೂರಿನ ಜೈಲು.

ಕುಂಞಿರಾಮನ್ ಎರಡೂ ಅಂಗೈಗಳ ನಡುವೆ ಸ್ಪ್ಯಾನರ್ ಅವುಚಿ ಹಿಡಿಯಲು ನೋಡಿದ. ಅದು ಬಿತ್ತು. ಎತ್ತಿದ, ಮತ್ತೆ ಬಿತ್ತು. ಮೂರನೆಯ ಸಲ ಅದನ್ನು ಎತ್ತಿಕೊಂಡದ್ದು ಸ್ಟೂಲಿನ ಮೇಲೆ ಕುಳಿತಿದ್ದ ಪೊಲೀಸಿನವನು.

"ನನ್ನ ಅಪ್ಪ ಕಮ್ಮಾರ. ಯಾವ ಬೋಲ್ಟು ಮೊದಲು, ಹೇಳಿ ಮಾರಾಯ್ರೆ" ಎಂದು ಖಾಕಿ ತೋಳು ಮೇಲೇರಿಸಿದ. ಹೆಸರು ಕರುಣಾಕರನ್, ಕಾಸರಗೋಡಿನ ಕಡೆಯವನಂತೆ, ಅದಕ್ಕೇ ಕನ್ನಡ.

ಒಬ್ಬ ಹೇಳುತ್ತ, ಇನ್ನೊಬ್ಬ ಬಿಚ್ಚುತ್ತ ಕೆಲಸ ನಡೆಯಿತು. ಲೋಟದಲ್ಲಿ ಜೀರಿಗೆ ನೀರು ತಂದ ಜಿನಮತಿ ಅದನ್ನು ತಾನೇ ಹಿಡಿದು ಕುಂಞಿರಾಮನಿಗೆ ಕುಡಿಸಿದಳು. ಕೈಗೆ ಹೀಗೆ ಮಾಡಿದವರು ಯಾರು ಎಂದು ಮೆಲ್ಲಗೆ ಕೇಳಿದಳು.

"ಕಣ್ಣಿಗೆ ಬಟ್ಟೆ ಕಟ್ಟಿದ್ರು ಅಕ್ಕ. ಯಾರೆಂದು ಹೇಳೋದು?"

ಕರುಣಾಕರನ್ ಒಂದು ಗಳಿಗೆ ಸ್ಪ್ಯಾನರ್ ತಿರುಗಿಸುವುದನ್ನು ನಿಲ್ಲಿಸಿದ. ಆಮೇಲೆ ಮತ್ತೆ ತಿರುಗಿಸತೊಡಗಿದ.

ಮುಚ್ಚಳ ಬಿಚ್ಚಿದಾಗ ದೋಷ ಕಂಡಿತು. ಲಿವರನ್ನು ಒಳಗಿನ ದಂಡಕ್ಕೆ ಕಟ್ಟಿಹಾಕುವ ಪಿನ್ ಮುರಿದಿತ್ತು. ಲಿವರ್ ಬರಿದೇ ಸುತ್ತುತ್ತಿತ್ತು, ದಂಡ ಅಲ್ಲಾಡುತ್ತಿರಲಿಲ್ಲ. ಆದರೆ ರಂಧ್ರದಲ್ಲಿ ಇದ್ದದ್ದು ಅರ್ಧ ಪಿನ್ ಮಾತ್ರ. ಕರುಣಾಕರನ್ ಅದನ್ನು ಹೊರಗೆ ಹೊಡೆದು ಬೆಳಕಿಗೆ ಹಿಡಿದ. ಒಂದೇ ತುಂಡು ಸಾಲದು, ಇದನ್ನು ಎಲ್ಲಿಂದಲೋ ತಂದು ತುರುಕಿದ್ದೀರಿ ಎನ್ನುತ್ತಾರೆ ಎಂದ. ಪೆಟ್ಟಿಗೆಯೊಳಗೆ ಬೆರಳಾಡಿಸಿ ಹುಡುಕಿದರೂ ಇನ್ನರ್ಧ ಸಿಗಲಿಲ್ಲ. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಮುಂದೇನೆಂದು ತೋಚದೆ ಅವನು ಪೆಟ್ಟಿಗೆಯಿಂದ ಇಳಿಸಿದ್ದ ಎಣ್ಣೆಯ ಡಬ್ಬ ಎತ್ತಿಕೊಂಡು, ಹುಲ್ಲಿಗೆ ಚೆಲ್ಲಲು ಹೊರಟ.

"ಚೆಲ್ಲಬೇಡಪ್ಪ, ಇರುವೆಗಳಿವೆ" ಎಂದಳು ಜಿನಮತಿ. "ಸೋಸಿ ಕೊಡ್ತೇನೆ, ಮತ್ತೆ ಅದನ್ನೇ ಹಾಕಿ."

ಜೈನರ ಪದ್ಧತಿಯಂತೆ ಮನೆಯಲ್ಲಿ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವ ಹಾಗೆಯೇ ಅವಳು ಲೇತಿನ ಎಣ್ಣೆಯನ್ನೂ ಸೋಸುತ್ತಿದ್ದಳು. ಪತಂಗವೋ ಹುಳವೋ ಬಿದ್ದಿದ್ದರೆ ಗೇರಿನ ಹಲ್ಲುಗಳ ನಡುವೆ ಅರೆದುಹೋಗಬಾರದೆಂದು. ಎಣ್ಣೆಗೂ ದೀಕ್ಷೆ ಕೊಡಿಸ್ತಾರೆ ನಮ್ಮ ಅಕ್ಕ ಎಂದು ಕುಂಞಿರಾಮನ್ ಎಷ್ಟೋ ಸಲ ನಕ್ಕಿದ್ದ. ಈಗ ನಗದೆ ನೋಡುತ್ತ ನಿಂತ. ಎಣ್ಣೆ ಇಳಿದು ಹೋಯಿತು. ಬಟ್ಟೆಯ ನಡುವೆ ಕಡಲೆಕಾಳಿನಷ್ಟು ದೊಡ್ಡ ಕಬ್ಬಿಣದ ತುಣುಕೊಂದು ಉಳಿಯಿತು.

ಕರುಣಾಕರನ್ ಎರಡು ತುಂಡುಗಳನ್ನೂ ಒರೆಸಿ ಜೋಡಿಸಿದ. ಓರೆಗೆ ಓರೆ ಕೂಡಿಕೊಂಡಿತು. ಮುರಿದ ಮುಖದ ಮೇಲೆ ಹೆಬ್ಬೆರಳು ಆಡಿಸಿ, "ಈಗ ಮುರಿದದ್ದಾದರೆ ಸಕ್ಕರೆಯ ಹಾಗೆ ತರಿತರಿ ಇರಬೇಕಿತ್ತು. ಇದು ನುಣ್ಣಗುಂಟು" ಎಂದ.

"ಮುರಿದ ಮೇಲೂ ಎಷ್ಟು ದಿನ ಲಿವರ್ ಆಡಿಸಿದ್ದೇನೆ, ಸಾರ್. ಒಂದಕ್ಕೊಂದು ಉಜ್ಜಿ ಉಜ್ಜಿ ನುಣ್ಣಗಾಗಿದೆ" ಎಂದ ಕುಂಞಿರಾಮನ್.

ಹೊಸ ಪಿನ್ನನ್ನು ಕರುಣಾಕರನೇ ಅರದಲ್ಲಿ ಉಜ್ಜಿದ. ಇನ್ನೊಂದಿಷ್ಟು, ಇನ್ನೂ ಒಂದಿಷ್ಟು ಎಂದು ಕುಂಞಿರಾಮನ್ ಹೇಳುತ್ತ ಹೋದ. ಪಿನ್ ಬಿಗಿಯಾಗಿ ಕೂತ ಮೇಲೆ, ಒಂದು ಕೈಯಲ್ಲಿ ಕಬ್ಬಿಣ ಕಚ್ಚಿ ಹಿಡಿಯುವ ಚಕ್ ತಿರುಗಿಸುತ್ತ ಇನ್ನೊಂದರಲ್ಲಿ ಲಿವರ್ ಒತ್ತಲು ಹೇಳಿ, ತಾನು ಊದಿದ ಬೆರಳುಗಳನ್ನು ಬಿಟ್ಟು ಮಣಿಕಟ್ಟನ್ನು ಪೆಟ್ಟಿಗೆಗೆ ಆನಿಸಿ ನಿಂತ. ಒಳಗೆ ಟಕ್ ಎಂದಿತು. "ಹಿಡೀತು" ಎಂದ. ಬೆಲ್ಟ್ ಹಾಕಿ ಓಡಿಸಿದರು. ತಿಂಗಳ ಮೇಲೆ ಮೊದಲ ಸಲ ಉಳಿ ತಾನಾಗಿಯೇ ಮುಂದೆ ಸರಿಯಿತು.

ಕರುಣಾಕರನ್ ತನ್ನ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಜಿನಮತಿಯ ಸಹಿ ಹಾಕಿಸಿದ. ಪಿನ್ನಿನ ಒಂದು ತುಂಡನ್ನು ಜೇಬಿಗೆ ಹಾಕಿಕೊಂಡು ಇನ್ನೊಂದನ್ನು ಅವಳ ಮುಂದೆ ಹಿಡಿದ.

"ಇದು ನಿಮ್ಮಲ್ಲಿರಲಿ, ಅಮ್ಮ. ಸಣ್ಣ ಸಾಮಾನು ಸ್ಟೇಷನ್ನಿನಲ್ಲಿ ಒಮ್ಮೊಮ್ಮೆ ಕಾಣೆಯಾಗ್ತದೆ. ಬೇಕಾದರೆ ಕೋರ್ಟಿಗೆ ತನ್ನಿ. ಇಟ್ಟುಕೊಳ್ಳಲು ಹೇಳಿದ್ದು ಯಾರೆಂದು ಮಾತ್ರ ಹೇಳಬೇಡಿ."

ಹೊರಡುವ ಹೊತ್ತಾಗಿತ್ತು. ಬಾಗಿಲವರೆಗೆ ಹೋದವನು ಕುಂಞಿರಾಮನತ್ತ ತಿರುಗಿ ನೋಡಿದ. ಇದನ್ನೊಂದಿಷ್ಟು ಹಿಡಿಯಿರಿ ಎಂದು ಲಾಠಿಯನ್ನು ಜಿನಮತಿಗೆ ಕೊಟ್ಟ. ಒಂದು ಕೈಯಲ್ಲಿ ಪಿನ್ನಿನ ತುಂಡು, ಇನ್ನೊಂದರಲ್ಲಿ ಲಾಠಿ ಹಿಡಿದು ಅವಳು ನಿಂತಿದ್ದಳು. ಕರುಣಾಕರನ್ ಬಗ್ಗಿ, ಶಾಲೆಗೆ ಹೊರಟ ಮಗುವಿಗೆ ಹಾಕುವಂತೆ, ಕುಂಞಿರಾಮನ ಅಂಗಿಯ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕುತ್ತಿದ್ದ.