ಬಾದಶಾನ ಹೋಳಿಗೆ

ಹಣೆಗೆ ಕುಂಕುಮ ಹಚ್ಚಿಸಿಕೊಂಡರೂ ಬಾದಶಾ ತಾಟಿನಲ್ಲಿದ್ದ ಹೋಳಿಗೆಯನ್ನು ಮೂಸಿಯೂ ನೋಡಲಿಲ್ಲ. ಎಳ್ಳಮಾವಾಸ್ಯೆಯ ದಿನ ರಂಗಂಪೇಟೆಯಿಂದ ಮರಿಯಾಗಿ ಬಂದ ನಾಯಿ ಅದು. ಪ್ರತಿ ವರ್ಷ ಅದೇ ಅದರ ಹುಟ್ಟುಹಬ್ಬ. ಈಗ ಮುದಿಯಾಗಿ ಕಿವಿ ಪೂರ್ತಿ ಹೋಗಿತ್ತು. ಅದರ ಕಣ್ಣು ಮಾತ್ರ ಹೊರಸಿನ ಮೇಲೆ ಮಲಗಿದ್ದ ಅಮರಪ್ಪನ ಮುಖ ಬಿಟ್ಟು ಕದಲುತ್ತಿರಲಿಲ್ಲ.

“ಉಣ್ಣಪಾ” ಎಂದು ಅಮರಪ್ಪ ಅನ್ನುವತನಕ ಬಾದಶಾ ಎಂದೂ ತುತ್ತು ಮುಟ್ಟಿದ್ದಿಲ್ಲ. ಈಚೆಗೆ ಲಕ್ವ ಹೊಡೆದು ಅವನ ಮಾತು ನಿಂತಿತ್ತು. ಸೊಟ್ಟಗಾದ ಬಾಯನ್ನು ಹೆಂಡತಿ ಗೊಲ್ಲಾಳಮ್ಮನಿಗೂ ತೋರಿಸದೆ ಸದಾ ಟವೆಲ್ಲು ಮುಚ್ಚಿಕೊಂಡಿರುತ್ತಿದ್ದ. ಅಂದಿನಿಂದ ನಾಯಿ, ಅವಳು ಅರಿವೆ ಅದ್ದಿ ಬಾಯಿಗೆ ಹಿಂಡುತ್ತಿದ್ದ ಹಾಲಿನ ಮೇಲೆಯೇ ಜೀವ ಹಿಡಿದಿತ್ತು.

“ಉಣ್ಣಪಾ, ನಮ್ಮಪ್ಪಾ, ಉಣ್ಣೋ” ಎಂದು ಅವಳು ಗೋಗರೆದಳು. ತುತ್ತನ್ನು ಮೂಗಿಗೇ ಹಿಡಿದಳು. ನಾಯಿ ಮುಖ ತಿರುವಿತು. ಅವಳಿಗೆ ಸಿಟ್ಟು, ಅಳು ಒಟ್ಟಿಗೇ ಬಂದವು. “ಹುಟ್ಟಿದ ದಿನಾನೇ ಅದನ್ನ ಸಾಯಸ್ತೀರೇನ್ರಿ? ಒಂದ ಮಾತ ಅನ್ರಿ.”

ಅಮರಪ್ಪನ ಎಡಗೈ ಮೇಲೆದ್ದು ಟವೆಲ್ಲನ್ನು ಜಗ್ಗಿತು. ವಾರೆಯಾದ ತುಟಿಗಳು ತಿಣುಕಿ ಕೂಡಿದವು, ಬಿಟ್ಟವು. ಜೊಲ್ಲು ಇಳಿಯಿತೇ ಹೊರತು ಮಾತು ಹೊರಡಲಿಲ್ಲ. ಗೊಲ್ಲಾಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಗ ತಾಟು ನೆಲಕ್ಕೆ ಉಜ್ಜಿದ ಸದ್ದು ಕೇಳಿಸಿತು. ಕಿವುಡು ನಾಯಿ ಅವನ ತುಟಿಗಳ ಮೇಲಿಂದ ಕಣ್ಣು ಕಿತ್ತು, ಹೋಳಿಗೆಗೆ ಬಾಯಿ ಹಾಕಿತ್ತು.