ಹೋದ ಗಾಳಿಯ ಮಾತು

ಗಾಳಿ ಜೋರಾಗುತ್ತಲೇ ಜಟ್ಟಪ್ಪ ಹಾಯಿ ಇಳಿಸಿ, ದೋಣಿಯನ್ನು ನಡುಗಡ್ಡೆಯ ಮರೆಗೆ ತಂದು ಲಂಗರು ಹಾಕಿದ. ಅವನ ಹೆಂಡತಿ ತುಳಸಿ ಸ್ಟೋವಿನ ಮೇಲೆ ಗಂಜಿಗಿಟ್ಟಳು. ಪಕ್ಕದ ದೋಣಿಯಲ್ಲಿ ಯಾರೋ ಮಕ್ಕಳ ಬಾಯಿಗೆ ಬೆಲ್ಲ ತುರುಕಿ ಸುಮ್ಮನಿರಿಸುತ್ತಿದ್ದರು. ಬಿರುಗಾಳಿಯಲ್ಲಿ ಆಡಿದ ಮಾತನ್ನು ಮುಂದಿನ ಬಿರುಗಾಳಿ ಅದೇ ಜಾಗಕ್ಕೆ ತಂದು ಒಪ್ಪಿಸುತ್ತದೆ. ಒಂದೇ ಸಲ, ಆಮೇಲೆ ಇಲ್ಲ. ಹಾಗಾಗಿ ಇಂಥ ಹೊತ್ತಿನಲ್ಲಿ ಯಾರೂ ಬಾಯಿಗೆ ಬಂದದ್ದು ಆಡುವುದಿಲ್ಲ.

ಹೋದ ಗಾಳಿಯಲ್ಲೂ ಅವರು ಇದೇ ಮರೆಯಲ್ಲೇ ನಿಂತಿದ್ದರು, ಜಟ್ಟಪ್ಪನ ತಾಯಿ ಇದೇ ದೋಣಿಯಲ್ಲಿದ್ದಳು. ಈಗ ಇಲ್ಲ.

“ಕಿಟಕಿ ತೆಗಿಲಾ?” ಎಂದು ತುಳಸಿ ಕೇಳಿದಳು.

“ತೆಗಿ. ಅವ್ವ ಒಂದು ಮಾತಾದ್ರೂ ಆಡಿರ್ತಾಳೆ.”

ಮೊದಲು ಬಂದದ್ದು ಅವನದೇ ಮಾತು, ಹಗ್ಗ ಬಿಗಿ ಮಾಡು ಎಂದು ತುಳಸಿಯ ಮೇಲೆ ಕೂಗಾಡಿದ್ದು. ಆಮೇಲೆ ತುಳಸಿಯ ಕೆಮ್ಮು. ಗಂಜಿ ಬೆಂದು ಆರಿಯೂ ಹೋಯಿತು. ಜಟ್ಟಪ್ಪ ತಟ್ಟೆ ಮುಟ್ಟಲಿಲ್ಲ. ಗಾಳಿ ಇಳಿಯುತ್ತ ಬಂದಾಗ, ಕಿಟಕಿಯ ಹತ್ತಿರವೇ, ಮುದುಕಿಯ ಒಡಕು ದನಿ ಕೇಳಿತು.

“ಮಗಾ, ತಲೆ ಒರೆಸ್ಕ. ಥಂಡಿ ಆಗ್ತದೆ.”

ಅಷ್ಟೇ. ಜಟ್ಟಪ್ಪ ಟವೆಲು ತೆಗೆದುಕೊಂಡು, ಯಾವಾಗಲೋ ಒಣಗಿದ್ದ ತಲೆಯನ್ನು ತುಂಬ ಹೊತ್ತು ಒರೆಸಿಕೊಂಡ.

ಇನ್ನು ಸ್ವಲ್ಪದರಲ್ಲೇ ಗಾಳಿ ನಿಂತುಬಿಡುತ್ತಿತ್ತು. ತುಳಸಿ ಲಗುಬಗೆಯಿಂದ ಎದ್ದು, ಕಿಟಕಿಯಾಚೆ ಮುಖ ಚಾಚಿ, ಅತ್ತೆಯ ಹಾಗೆಯೇ ರಾಗ ಎಳೆದು ಹೇಳಿದಳು:

“ಮಗಾ, ತಲೆ ಒರೆಸ್ಕ. ಥಂಡಿ ಆಗ್ತದೆ.”

ಗಂಡ ಅವಳನ್ನೇ ನೋಡುತ್ತ ಕೂತಿದ್ದ.

“ಮುಂದಿನ ಗಾಳಿಗೆ ಬೇಕಲ್ಲ,” ಎಂದು ಅವಳು ಕಿಟಕಿ ಹಾಕಿ, ಗಂಜಿಯನ್ನು ಮತ್ತೆ ಬಿಸಿಗಿಟ್ಟಳು.